ಸೆಮಿಸ್ಟರ್ ಪರೀಕ್ಷೆಗೆ ಇನ್ನು ಇಪ್ಪತ್ತು ದಿನ: ಓದಿದ್ದು ಹಾಳೆ ಮೇಲೆ ಇಳಿಯಬೇಕಾದರೆ

ಟೈಮ್‌ಟೇಬಲ್ ಬಂದ ದಿನ ಕಾಲೇಜು ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಯಾವ ಸೆಮ್, ಯಾವ ಬ್ರಾಂಚ್ ಅಂತ ಹೇಳಿದರೆ ಸಾಕು, ಅಂಗಡಿಯವರು ಪಿನ್ ಹೊಡೆದಿಟ್ಟ ಒಂದು ಕಟ್ಟು ಎತ್ತಿ ಕೊಡುತ್ತಾರೆ. ಹುಡುಗರ ಬಾಯಲ್ಲಿ ಅದರ ಹೆಸರು ‘ಪಾಸಿಂಗ್ ಪ್ಯಾಕೇಜ್’. ಮೂರನೇ ಸೆಮಿಸ್ಟರಿನಲ್ಲಿ ನಾನೂ ಒಂದು ಕಟ್ಟು ತಂದಿದ್ದೆ. ಗಣಿತದ್ದು, ಎಂ3. ಮೂರು ಸಲ ಓದಿದೆ. ಮುಖ್ಯ ಅನ್ನಿಸಿದ ಸಾಲಿಗೆಲ್ಲ ಹಳದಿ ಬಣ್ಣ ಬಳಿದೆ. ಪರೀಕ್ಷೆಯಲ್ಲಿ ಫೋರಿಯರ್ ಸೀರೀಸ್ ಲೆಕ್ಕ ಕಂಡ ತಕ್ಷಣ ‘ಇದು ನಂಗೆ ಗೊತ್ತು’ ಅಂತ ಖುಷಿಯಾಯಿತು. ಮೊದಲ ಸಾಲು ಬರೆದೆ. ಎರಡನೇ ಸಾಲು ಬರಲಿಲ್ಲ. ಆ ಲೆಕ್ಕ ಕಟ್ಟಿನಲ್ಲಿ ಯಾವ ಪುಟದಲ್ಲಿತ್ತು, ಹಳದಿ ಬಣ್ಣ ಎಲ್ಲಿ ಚೆಲ್ಲಿತ್ತು, ಎಲ್ಲವೂ ಕಣ್ಣ ಮುಂದೆ ಬಂತು. ಲೆಕ್ಕ ಮಾತ್ರ ಬರಲಿಲ್ಲ. ಬೇಕಾಗಿದ್ದದ್ದು 35, ಬಂದದ್ದು 28.

ಈಗ ನನ್ನ ಚಿಕ್ಕಪ್ಪನ ಮಗ ಅದೇ ಮೂರನೇ ಸೆಮ್‌ನಲ್ಲಿದ್ದಾನೆ. ಕಂಪ್ಯೂಟರ್ ಸೈನ್ಸ್, ದಾವಣಗೆರೆಯಲ್ಲಿ ಪಿಜಿ ರೂಮಿನಲ್ಲಿ ವಾಸ. ಪರೀಕ್ಷೆಗೆ ಇಪ್ಪತ್ತು ದಿನ ಇದೆ ಅನ್ನುವಾಗ ಫೋನ್ ಮಾಡಿ, ‘ಅಣ್ಣಾ, ಎಲ್ಲಾ ಓದಿದೀನಿ, ಏನೂ ನೆನಪಿರ್ತಿಲ್ಲ’ ಅಂದ. ಅವನ ರೂಮಿಗೆ ಹೋಗಿ ಎರಡು ದಿನ ಜೊತೆಗೆ ಕೂತೆ. ಅವನಿಗೆ ಹೇಳಿದ್ದನ್ನು, ಮಾಡಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕಾಚಾರವೆಲ್ಲ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, 2022ರ ಸ್ಕೀಮ್‌ನದ್ದು, ಅಂದರೆ ಆ ವರ್ಷದ ಪಠ್ಯ ಮತ್ತು ಪರೀಕ್ಷೆಯ ನಿಯಮದ್ದು. ಬೇರೆ ಕಡೆ ಬಿಕಾಂ, ಬಿಎಸ್ಸಿ ಓದುವವರು ಅಂಕಿಗಳನ್ನು ನಿಮ್ಮ ನಿಯಮಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಉಳಿದದ್ದು ಎಲ್ಲರಿಗೂ ಆಗುತ್ತದೆ.

ಮೊದಲು ಅಂಕದ ಲೆಕ್ಕ ಹಾಕಿ

ಪುಸ್ತಕ ಆಮೇಲೆ ತೆಗೆಯಿರಿ. ಮೊದಲು ಒಂದು ಹಾಳೆ ತೆಗೆದುಕೊಂಡು ಪ್ರತಿ ಸಬ್ಜೆಕ್ಟಿನ ಮುಂದೆ ನಿಮ್ಮ ಇಂಟರ್ನಲ್ಸ್, ಅಂದರೆ ಕಾಲೇಜಿನಲ್ಲೇ ಕೊಡುವ ಅಂಕ ಬರೆಯಿರಿ.

ಇಂಟರ್ನಲ್ಸ್ 50ಕ್ಕೆ. ಅದರಲ್ಲಿ ಕನಿಷ್ಠ 20 ಇರಲೇಬೇಕು. ಸೆಮಿಸ್ಟರ್ ಪರೀಕ್ಷೆ ನಡೆಯುವುದು 100 ಅಂಕಕ್ಕೆ, ಆಮೇಲೆ ಅದನ್ನು 50ಕ್ಕೆ ಇಳಿಸುತ್ತಾರೆ. ಅಲ್ಲಿ 100ಕ್ಕೆ ಕನಿಷ್ಠ 35 ಬೇಕು, ಅಂದರೆ 50ಕ್ಕೆ ಹದಿನೇಳೂವರೆ, ಅದನ್ನು 18 ಅಂತ ಹಿಡಿಯುತ್ತಾರೆ. ಎರಡೂ ಸೇರಿ 100ಕ್ಕೆ 40 ಆಗಬೇಕು. ಎಲ್ಲರಿಗೂ ಗೊತ್ತಿರುವ ವಿಷಯ ಅನ್ನಿಸುತ್ತದೆ. ಆದರೆ ಎಡವುವುದು ಇಲ್ಲೇ.

ಇಂಟರ್ನಲ್ಸ್‌ನಲ್ಲಿ ಸರಿಯಾಗಿ 20 ಬಂದವನು ಪರೀಕ್ಷೆಯಲ್ಲಿ 35 ತೆಗೆದರೆ 20 ಮತ್ತು 18, ಒಟ್ಟು 38. ಫೇಲ್. ಅವನಿಗೆ ಪರೀಕ್ಷೆಯಲ್ಲಿ 40ರ ಹತ್ತಿರ ಬೇಕು. 22 ಬಂದವನಿಗೆ 35 ಸಾಕು. ಇನ್ನು 46 ತೆಗೆದ ಜಾಣನಿಗೂ ಅದೇ 35 ಬೇಕು. ‘ನಂಗೆ ಇಂಟರ್ನಲ್ಸ್ ಚೆನ್ನಾಗಿದೆ, ಪಾಸ್ ಆಗೇ ಆಗ್ತೀನಿ’ ಅಂದುಕೊಂಡು ಮಲಗಿದವರನ್ನು ನಾನು ನೋಡಿದ್ದೇನೆ. ಆ ಅಂಕ ಪರೀಕ್ಷೆಯ 35ನ್ನು ಮನ್ನಾ ಮಾಡಿಸುವುದಿಲ್ಲ.

ಈ ಹಾಳೆ ಮುಗಿದಾಗ ಸಬ್ಜೆಕ್ಟ್‌ಗಳು ಮೂರು ಗುಂಪಾಗುತ್ತವೆ. ಪಾಸಾಗುವುದೇ ಕಷ್ಟ ಇರುವುದು ಒಂದು. ಪಾಸ್ ಖಂಡಿತ, ಒಳ್ಳೆ ಗ್ರೇಡ್‌ಗೆ ಸ್ವಲ್ಪ ದುಡಿಯಬೇಕು ಅನ್ನುವುದು ಇನ್ನೊಂದು. ಪರವಾಗಿಲ್ಲ ಅನ್ನುವುದು ಮೂರನೆಯದು. ನಮ್ಮ ಹುಡುಗ ಓದುತ್ತಿದ್ದದ್ದು ಮೂರನೇ ಗುಂಪಿನದ್ದನ್ನು. ಯಾಕೆ ಅಂದರೆ, ‘ಅದು ಓದೋಕೆ ಚೆನ್ನಾಗಿರುತ್ತೆ ಅಣ್ಣ.’ ಇರುತ್ತೆ, ನಿಜ. ಭಯ ಇರುವ ಸಬ್ಜೆಕ್ಟನ್ನು ಮುಟ್ಟದೆ ಇರಲು ಮನಸ್ಸು ಹುಡುಕುವ ನೆಪ ಅದು.

ಹಾಜರಾತಿ 85 ಪರ್ಸೆಂಟ್‌ಗಿಂತ ಕಮ್ಮಿ ಇದ್ದರೆ ಇವತ್ತೇ ಡಿಪಾರ್ಟ್‌ಮೆಂಟಿಗೆ ಹೋಗಿ ಮಾತಾಡಿ. ಹಾಲ್ ಟಿಕೆಟ್ ಕೊಡುವ ದಿನ ಹೋಗಿ ಅಳುವುದರಿಂದ ಉಪಯೋಗ ಇಲ್ಲ.

ಹಳೇ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂರಿ

ಸಿಲಬಸ್ ಪ್ರತಿ ಮತ್ತು ಅದೇ ಸ್ಕೀಮ್‌ನ ನಾಲ್ಕೈದು ಹಳೇ ಪ್ರಶ್ನೆಪತ್ರಿಕೆ ಬೇಕು. ಲೈಬ್ರರಿಯಲ್ಲಿ ಸಿಗುತ್ತವೆ, ಸೀನಿಯರ್‌ಗಳ ಹತ್ತಿರ ಇರುತ್ತವೆ. ವಿಶ್ವವಿದ್ಯಾಲಯದ ಮಾದರಿ ಪ್ರಶ್ನೆಪತ್ರಿಕೆಯನ್ನೂ ಬಿಡಬೇಡಿ.

ಪತ್ರಿಕೆಯಲ್ಲಿ ಐದು ಮಾಡ್ಯೂಲ್, ಅಂದರೆ ಸಿಲಬಸ್ಸಿನ ಐದು ಭಾಗ, ಒಂದೊಂದರಲ್ಲಿ ಎರಡು ಪ್ರಶ್ನೆ, ಪ್ರತಿ ಪ್ರಶ್ನೆಗೆ 20 ಅಂಕ. ಪ್ರತಿ ಮಾಡ್ಯೂಲಿನಿಂದ ಒಂದು ಪೂರ್ತಿ ಪ್ರಶ್ನೆ ಬರೆಯಬೇಕು. ‘ಪೂರ್ತಿ’ ಅನ್ನುವ ಪದ ನೋಡಿ. ಒಂದನೇ ಪ್ರಶ್ನೆಯ ‘ಎ’ ಭಾಗ, ಎರಡನೇ ಪ್ರಶ್ನೆಯ ‘ಬಿ’ ಭಾಗ ಅಂತ ಆರಿಸಿಕೊಂಡು ಬರೆಯುವ ಹಾಗಿಲ್ಲ. ಆಪರೇಟಿಂಗ್ ಸಿಸ್ಟಮ್ಸ್ ಅನ್ನುವ ಸಬ್ಜೆಕ್ಟಿನ ಒಂದು ಮಾಡ್ಯೂಲಿನಲ್ಲಿ ಒಬ್ಬ ಡೆಡ್‌ಲಾಕ್ ಪಾಠ ಮಾತ್ರ ಅರೆದು ಕುಡಿದಿದ್ದಾನೆ, ಸೆಮಫೋರ್ ಪಾಠ ಮುಟ್ಟೇ ಇಲ್ಲ ಅಂದುಕೊಳ್ಳಿ. ಒಂದು ಪ್ರಶ್ನೆಯಲ್ಲಿ ಸೆಮಫೋರ್ ಜೊತೆ ಡೆಡ್‌ಲಾಕ್ ಪಾಠದ ಬ್ಯಾಂಕರ್ಸ್ ಅಲ್ಗಾರಿದಂ ಬಂತು. ಇನ್ನೊಂದರಲ್ಲಿ ಡೆಡ್‌ಲಾಕ್ ಜೊತೆ ಸೆಮಫೋರ್ ಪಾಠದ ಡೈನಿಂಗ್ ಫಿಲಾಸಫರ್ಸ್ ಬಂತು. ಎರಡರಲ್ಲೂ ಅವನಿಗೆ ಅರ್ಧರ್ಧ ಗೊತ್ತು. ಒಂದನ್ನೂ ಪೂರ್ತಿ ಬರೆಯಲಾರ. ಅದಕ್ಕೇ ಐದು ಮಾಡ್ಯೂಲಿನಲ್ಲೂ ಅರ್ಧರ್ಧ ಓದುವುದಕ್ಕಿಂತ ಮೂರು ಮಾಡ್ಯೂಲ್ ಮೂಲೆಮೂಲೆ ಓದಿಕೊಂಡವನು ಸುರಕ್ಷಿತ. ಮೂರು ಮಾಡ್ಯೂಲ್ ಅಂದರೆ 60 ಅಂಕದ ಅವಕಾಶ. ಅಲ್ಲಿ ಇಲ್ಲಿ ಕಳೆದುಕೊಂಡರೂ 40 ಉಳಿಯುತ್ತದೆ. ನಾಲ್ಕಾದರೆ ನೆಮ್ಮದಿ.

ನೆಲದ ಮೇಲೆ ಪತ್ರಿಕೆಗಳನ್ನು ಹರಡಿ. ಸಿಲಬಸ್ ಪ್ರತಿಯ ಮೇಲೆ, ಯಾವ ವಿಷಯದಿಂದ ಪ್ರಶ್ನೆ ಬಂದಿದೆಯೋ ಅಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಗೀಟು ಹಾಕುತ್ತಾ ಹೋಗಿ. ಒಂದು ಸಬ್ಜೆಕ್ಟಿಗೆ ಅರ್ಧ ಗಂಟೆ ಸಾಕು. ಆಪರೇಟಿಂಗ್ ಸಿಸ್ಟಮ್ಸ್ ಆದರೆ ಸಿಪಿಯು ಶೆಡ್ಯೂಲಿಂಗ್ ಲೆಕ್ಕ, ಪೇಜ್ ರಿಪ್ಲೇಸ್‌ಮೆಂಟ್ ಲೆಕ್ಕ, ಬ್ಯಾಂಕರ್ಸ್ ಲೆಕ್ಕ ಇವುಗಳ ಮುಂದೆ ಗೀಟಿನ ಸಾಲೇ ನಿಲ್ಲುತ್ತದೆ. ಜೆರಾಕ್ಸ್ ಅಂಗಡಿಯ ಕಟ್ಟು ಮಾಡಿದವನೂ ಇದೇ ಕೆಲಸ ಮಾಡಿರುತ್ತಾನೆ. ನೀವೇ ಮಾಡಿದರೆ ಆ ವಿಷಯ ಪುಸ್ತಕದಲ್ಲಿ ಎಲ್ಲಿದೆ, ಅದರ ಅಕ್ಕಪಕ್ಕ ಏನಿದೆ ಅಂತ ತಲೆಯಲ್ಲಿ ಉಳಿಯುತ್ತದೆ. ಕಟ್ಟು ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಕೊಂಡರೆ ಕೊನೆಗೆ ತಾಳೆ ನೋಡಲು ಇಟ್ಟುಕೊಳ್ಳಿ.

ಇಪ್ಪತ್ತು ದಿನ ಹಂಚುವುದು

ಮುಖ್ಯ ಪೇಪರ್ ಐದು ಅಂತ ಇಟ್ಟುಕೊಳ್ಳೋಣ. ಒಂದಕ್ಕೆ ಮೂರು ದಿನದ ಹಾಗೆ 15 ದಿನ. ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಗಡಿಯಾರ ನೋಡಿ ಪೂರ್ತಿ ಬರೆಯಲು ಮೂರು ದಿನ. ಉಳಿದ ಎರಡು ದಿನ ಖಾಲಿ. ಆ ಖಾಲಿ ದಿನಗಳನ್ನು ಯಾರೂ ಇಡುವುದಿಲ್ಲ. ಜ್ವರ ಬರುತ್ತದೆ, ಊರಲ್ಲಿ ಮದುವೆ ಇರುತ್ತದೆ, ಲ್ಯಾಬ್ ರೆಕಾರ್ಡ್‌ಗೆ ಸಹಿ ಹಾಕಿಸಲು ಅರ್ಧ ದಿನ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ. ಒಂದು ದಿನ ತಪ್ಪಿದರೆ ಇಡೀ ಪಟ್ಟಿ ಹಾಳಾಯಿತು ಅಂತ ಮೂರನೇ ದಿನಕ್ಕೇ ಅದನ್ನು ಹರಿದು ಬಿಸಾಡುತ್ತೇವೆ. ಖಾಲಿ ದಿನ ಇದ್ದರೆ ಪಟ್ಟಿ ಬದುಕುತ್ತದೆ.

ಎರಡು ಪೇಪರ್ ನಡುವಿನ ರಜೆಯನ್ನು ನಂಬಿಕೊಂಡು ಯಾವ ಸಬ್ಜೆಕ್ಟನ್ನೂ ಪೂರ್ತಿ ಬಿಟ್ಟಿರಬೇಡಿ. ಮೊದಲ ಸಲ ಓದುವ ಕೆಲಸವೆಲ್ಲ ಪರೀಕ್ಷೆ ಶುರುವಾಗುವ ಮೊದಲೇ ಮುಗಿದಿರಬೇಕು. ರಜೆ ಇರುವುದು ತಿರುಗಿಸಿ ನೋಡಲು.

ಬೆಳಗ್ಗೆ ತಲೆ ಓಡುವವರು ಲೆಕ್ಕದ ಸಬ್ಜೆಕ್ಟ್ ಬೆಳಗ್ಗೆ ಇಟ್ಟುಕೊಳ್ಳಿ. ಊಟದ ನಂತರ ತೂಕಡಿಕೆ ಬರುವ ಹೊತ್ತಿಗೆ ಚಿತ್ರ ಬರೆಯುವುದು, ಪ್ರಶ್ನೆ ಪಟ್ಟಿ ಮಾಡುವುದು ಇಂಥ ಕೈಕೆಲಸ. ಇಷ್ಟೇ. ಬಣ್ಣಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆಯುತ್ತಾ ಒಂದು ದಿನ ಕಳೆಯಬೇಡಿ. ನಮ್ಮ ಹುಡುಗ ಹೇಗೂ ಅದನ್ನೂ ಮಾಡಿದ್ದ.

ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆಯಿರಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಿದ್ದರೆ ಇದನ್ನು ಓದಿ.

ಮೂರು ಸಲ ಓದಿದರೆ ಮೂರನೇ ಸಲ ಎಲ್ಲ ಸಲೀಸಾಗಿ ಹೋಗುತ್ತದೆ. ಆ ಸಲೀಸನ್ನೇ ನಾವು ‘ಬಂತು’ ಅಂದುಕೊಳ್ಳುತ್ತೇವೆ. ಕಣ್ಣಿಗೆ ಪರಿಚಯ ಆಗಿರುತ್ತದೆ, ಕೈಗೆ ಆಗಿರುವುದಿಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಕಾಲೇಜು ಹುಡುಗರ ಮೇಲೆ ಇದನ್ನೇ ಪರೀಕ್ಷಿಸಿದರು. ಕೆಲವರು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ನೋಡದೆ ನೆನಪಿದ್ದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ಬರೆದವರು ಮುಂದೆ. ಪರೀಕ್ಷೆ ಇರುವುದು ಐದು ನಿಮಿಷದ ಮೇಲಲ್ಲ, ಅಲ್ವಾ?

ರೂಮಿನಲ್ಲಿ ಮಾಡಿಸಿದ್ದು ಹೀಗೆ. ಡೆಡ್‌ಲಾಕ್ ಪಾಠ ಒಂದು ಸಲ ಓದಲು ಹೇಳಿದೆ. ಇಪ್ಪತ್ತು ನಿಮಿಷ. ಪುಸ್ತಕ ಮುಚ್ಚಿಸಿದೆ. ‘ಡೆಡ್‌ಲಾಕ್ ಎಂದರೇನು? ಅದು ಉಂಟಾಗಲು ಬೇಕಾದ ನಾಲ್ಕು ಸ್ಥಿತಿಗಳನ್ನು ವಿವರಿಸಿ’ ಅನ್ನುವ ಪ್ರಶ್ನೆ ಕೊಟ್ಟು, ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಟೈಮರ್ ಇಟ್ಟೆ. ಮೊದಲ ಎರಡು ನಿಮಿಷ ಪೆನ್ನಿನ ತುದಿ ಕಚ್ಚುತ್ತಾ ಕೂತ. ‘ಈಗ್ ತಾನೇ ಓದಿದೆ ಅಣ್ಣ, ಬರ್ತಿಲ್ಲ’ ಅಂದ. ‘ಪುಸ್ತಕ ಮುಟ್ಟಬೇಡ, ಏನು ಬರುತ್ತೋ ಅದನ್ನ ಬರಿ’ ಅಂದೆ. ಆಮೇಲೆ ಒಂದು ವಾಕ್ಯ ಬಂತು. ಅದರ ಹಿಂದೆ ಇನ್ನೊಂದು. ಮ್ಯೂಚುಯಲ್ ಎಕ್ಸ್‌ಕ್ಲೂಷನ್ ಬರೆದ, ಹೋಲ್ಡ್ ಅಂಡ್ ವೇಟ್ ಬರೆದ, ಸರ್ಕ್ಯುಲರ್ ವೇಟ್ ಬರೆದ. ನಾಲ್ಕನೆಯದು ಬರಲೇ ಇಲ್ಲ. ಟೈಮರ್ ಹೊಡೆಯಿತು.

ಆಗ ಪುಸ್ತಕ ತೆಗೆದ. ಬಿಟ್ಟುಹೋದದ್ದನ್ನು ಅದೇ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಸಿದೆ: ನೋ ಪ್ರಿಎಂಪ್ಷನ್, ಮತ್ತು ಒಂದು ಚಿತ್ರ. ಅಷ್ಟೇ ಕೆಲಸ. ಮರುದಿನ ಬೆಳಗ್ಗೆ ಚಳಿಯಲ್ಲಿ ಕಂಬಳಿ ಹೊದ್ದುಕೊಂಡೇ ಮತ್ತೆ ಬರೆಯಲು ಹೇಳಿದೆ. ಮೊದಲು ಬರೆದದ್ದೇ ನೋ ಪ್ರಿಎಂಪ್ಷನ್. ಸಿಗದೆ ಒದ್ದಾಡಿದ್ದು ಸಿಕ್ಕ ಮೇಲೆ ಗಟ್ಟಿಯಾಗಿ ಕೂರುತ್ತದೆ.

ಕೆಂಪು ಇರುವ ಹಾಳೆಗಳನ್ನು ಒಂದು ಫೈಲಿಗೆ ಹಾಕಿ. ಬರೆದ ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ಪರೀಕ್ಷೆಯ ಹಿಂದಿನ ದಿನ ಒಮ್ಮೆ, ಕೆಂಪಿನಲ್ಲಿರುವುದನ್ನು ಮಾತ್ರ ನೋಡದೆ ಬರೆಯಿರಿ. ಬರೆಯಲು ಬಂದದ್ದನ್ನು ಮತ್ತೆ ಬರೆಯುವುದು ಸುಮ್ನೆ ಖುಷಿಗೆ.

ಲೆಕ್ಕದ ಸಬ್ಜೆಕ್ಟಿಗೂ ಇದೇ. ಬಿಡಿಸಿದ ಲೆಕ್ಕವನ್ನು ಓದುವುದು ಅಂದರೆ ಈಜುವವರನ್ನು ದಡದಲ್ಲಿ ನಿಂತು ನೋಡಿದ ಹಾಗೆ. ಪ್ರಶ್ನೆ ಮಾತ್ರ ಹಾಳೆಗೆ ಇಳಿಸಿಕೊಂಡು ಪುಸ್ತಕ ಮುಚ್ಚಿ. ಎಲ್ಲಿ ನಿಂತಿತೋ ಅಲ್ಲಿಗೆ ಒಂದು ಸಾಲು ಮಾತ್ರ ನೋಡಿ, ಮತ್ತೆ ಮುಚ್ಚಿ. ಎಂ3 ಎರಡನೇ ಸಲ ಬರೆಯುವಾಗ ನಾನು ಬೇರೇನೂ ಮಾಡಲಿಲ್ಲ, ಇಷ್ಟೇ ಮಾಡಿದೆ.

ಇನ್ನೊಂದು ಲಾಭ ಇದೆ. ಫೋನಿನಲ್ಲಿ ಬೆರಳಾಡಿಸಿ ಅಭ್ಯಾಸವಾದ ಕೈಗೆ ಮೂರು ಗಂಟೆ ಬಿಡದೆ ಬರೆಯುವುದು ದೊಡ್ಡ ಶಿಕ್ಷೆ. ಎರಡನೇ ಗಂಟೆಗೆ ಹೆಬ್ಬೆರಳು ಸೆಳೆಯುತ್ತದೆ, ಅಕ್ಷರ ಸೊಟ್ಟಗಾಗುತ್ತದೆ. ಇಪ್ಪತ್ತು ದಿನ ಬರೆದ ಕೈ ಅಷ್ಟು ಬೇಗ ಸೋಲುವುದಿಲ್ಲ.

ಕನ್ನಡ ಮೀಡಿಯಂನಿಂದ ಬಂದವರಿಗೆ

ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಕಷ್ಟ ಎರಡು. ಒಂದು ವಿಷಯ, ಇನ್ನೊಂದು ಇಂಗ್ಲಿಷ್. ಎರಡನ್ನೂ ಒಟ್ಟಿಗೆ ಎತ್ತಲು ಹೋದರೆ ಎರಡೂ ಕೈಜಾರುತ್ತವೆ. ಆಗ ಬಾಯಿಪಾಠವೇ ಗತಿ ಅನ್ನಿಸುತ್ತದೆ. ನಾನೂ ಅದನ್ನೇ ಮಾಡಿದ್ದೆ. ಬಾಯಿಪಾಠದಲ್ಲಿ ಒಂದು ಪದ ಮರೆತರೆ ಮುಂದಿನ ಗಾಡಿಯೆಲ್ಲ ನಿಲ್ಲುತ್ತದೆ.

ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ. ಡೆಡ್‌ಲಾಕನ್ನು ನಮ್ಮೂರಿನ ಓಣಿಗೆ ತಂದು ನೋಡಿ. ಓಣಿ ಕಿರಿದು, ಒಂದೇ ಗಾಡಿ ಹಿಡಿಸುವಷ್ಟು. ಆ ಕಡೆಯಿಂದ ಬಸ್ ಬಂತು, ಈ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರ್ ಬಂತು. ನಡುವೆ ಮೂತಿಗೆ ಮೂತಿ ಕೊಟ್ಟು ನಿಂತವು. ಒಂದು ಜಾಗದಲ್ಲಿ ಒಂದೇ ಗಾಡಿ ಇರಬಹುದು, ಅದು ಮ್ಯೂಚುಯಲ್ ಎಕ್ಸ್‌ಕ್ಲೂಷನ್. ಇಬ್ಬರೂ ತಮ್ಮ ಅರ್ಧ ಓಣಿ ಹಿಡಿದುಕೊಂಡೇ ಇನ್ನರ್ಧಕ್ಕೆ ಕಾಯುತ್ತಿದ್ದಾರೆ, ಅದು ಹೋಲ್ಡ್ ಅಂಡ್ ವೇಟ್. ಬಸ್ಸನ್ನು ಎತ್ತಿ ಹಿಂದಕ್ಕಿಡುವ ಗಂಡು ಊರಲ್ಲಿಲ್ಲ, ತಾನಾಗಿ ಹೋದರೆ ಉಂಟು. ಅದು ನೋ ಪ್ರಿಎಂಪ್ಷನ್. ಬಸ್ಸಿನವನು ಟ್ರ್ಯಾಕ್ಟರ್ ಸರಿಯಲಿ ಅಂತ, ಟ್ರ್ಯಾಕ್ಟರಿನವನು ಬಸ್ ಸರಿಯಲಿ ಅಂತ ಕಾಯುವುದು ಸರ್ಕ್ಯುಲರ್ ವೇಟ್. ಹಿಂದೆ ಕಬ್ಬಿನ ಟ್ರೈಲರ್ ಬೇರೆ, ರಿವರ್ಸ್ ಹೊಡೆಯಲೂ ಆಗುವುದಿಲ್ಲ. ಈ ನಾಲ್ಕೂ ಒಟ್ಟಿಗೆ ಇದ್ದರೇ ಓಣಿ ಕಟ್ಟಿಕೊಳ್ಳುವುದು. ಒಂದನ್ನು ತಪ್ಪಿಸಿದರೂ ದಾರಿ ಬಿಡುತ್ತದೆ. ಡೆಡ್‌ಲಾಕ್ ಪ್ರಿವೆನ್ಷನ್ ಅಂತ ಮುಂದಿನ ಪಾಠದಲ್ಲಿ ಇರುವುದು ಇದೇ.

ಅರ್ಥ ಆದ ಮೇಲೆ ಇಂಗ್ಲಿಷಿಗೆ ಬನ್ನಿ. ಉದ್ದ ವಾಕ್ಯದ ಹುಚ್ಚು ಬೇಡ. ಎಂಟು ಹತ್ತು ಪದದ ವಾಕ್ಯ ಸಾಕು. ಪ್ರತಿ ಸಬ್ಜೆಕ್ಟಿಗೂ ಐವತ್ತು ಅರವತ್ತು ತಾಂತ್ರಿಕ ಪದಗಳಿರುತ್ತವೆ. ಅವುಗಳ ಸ್ಪೆಲಿಂಗ್ ಬೇರೆ ಪುಟದಲ್ಲಿ ಬರೆದು ಕಲಿಯಿರಿ. ಆ ಪದಗಳು ಸರಿ ಇದ್ದು, ಚಿತ್ರಕ್ಕೆ ಹೆಸರುಗಳು ಸರಿ ಇದ್ದರೆ, ನಡುವೆ ವ್ಯಾಕರಣ ಅಲ್ಲಿ ಇಲ್ಲಿ ತಪ್ಪಿದರೂ ಉತ್ತರ ಅರ್ಥವಾಗುತ್ತದೆ. ಪ್ಯಾರಾ ಬರೆಯಲು ಕಷ್ಟವಾದರೆ ಅಂಶಗಳಾಗಿ ಬರೆಯಿರಿ. ಹೋಲಿಕೆ ಕೇಳಿದರೆ ಪಟ್ಟಿ ಹಾಕಿ. ಚಿತ್ರ ಬರೆಯಬಹುದಾದಲ್ಲಿ ಚಿತ್ರ ಬರೆಯದೆ ಬಿಡಬೇಡಿ. ಚಿತ್ರಕ್ಕೆ ಮೀಡಿಯಂ ಇಲ್ಲ.

ಫೋನು, ಗೆಳೆಯರು

ಓದುವ ಹೊತ್ತಿಗೆ ಫೋನ್ ಪಕ್ಕದ ರೂಮಿನಲ್ಲಿರಲಿ. ಟೈಮರಿಗೆ ಅಗ್ಗದ ಗಡಿಯಾರ ಸಿಗದಿದ್ದರೆ ರೂಮ್‌ಮೇಟಿನ ಕೈಗಡಿಯಾರ ಇದೆಯಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಪರೀಕ್ಷೆಗೆ ಮೂರು ದಿನ ಇರುವಾಗ ‘ಪೇಪರ್ ಔಟ್ ಆಗಿದೆಯಂತೆ’ ಅಂತ ಒಂದು ಸುದ್ದಿ ಬಂದೇ ಬರುತ್ತದೆ. ಆ ಪ್ರಶ್ನೆಗಳನ್ನು ನಂಬಿ ಬೇರೆಲ್ಲ ಬಿಟ್ಟವರ ಕಥೆ ಪ್ರತಿ ಬ್ಯಾಚಿನಲ್ಲೂ ಒಂದಿದೆ.

ಗುಂಪಾಗಿ ಓದುವುದಾದರೆ ಮೂವರು ಸಾಕು. ನಾಲ್ಕನೆಯವನು ಬಂದರೆ ಅದು ಹರಟೆಕಟ್ಟೆ. ಒಬ್ಬೊಬ್ಬರು ಒಂದೊಂದು ವಿಷಯವನ್ನು ಬೋರ್ಡಿನ ಮೇಲೋ ನೆಲದ ಮೇಲೋ ಬರೆದು ಉಳಿದವರಿಗೆ ಹೇಳಿಕೊಡಬೇಕು. ಹೇಳಿಕೊಡುವಾಗ ಎಲ್ಲಿ ತಡವರಿಸುತ್ತೀರೋ ಅದು ನಿಮ್ಮ ಕೆಂಪು ಹಾಳೆಗೆ ಸೇರಬೇಕಾದದ್ದು.

ನಿದ್ದೆ, ಚಹಾ, ಹೊಟ್ಟೆ

‘ನೈಟ್‌ಔಟ್ ಮಾಡಿದೆ’ ಅನ್ನುವುದನ್ನು ನಮ್ಮಲ್ಲಿ ಪದಕದ ಹಾಗೆ ಹೇಳಿಕೊಳ್ಳುತ್ತಾರೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗುವ ಕೆಲಸ ಬಹಳಷ್ಟು ನಡೆಯುವುದು ನಿದ್ದೆಯಲ್ಲಿ. ರಾತ್ರಿಯಿಡೀ ಓದಿ ಬೆಳಗ್ಗೆ ಹೋಗುವುದು, ಕಾಂಕ್ರೀಟ್ ಹಾಕಿ ಕ್ಯೂರಿಂಗ್‌ಗೆ ಬಿಡದೆ ಮೇಲೆ ಗೋಡೆ ಕಟ್ಟಿದ ಹಾಗೆ. ಸಿವಿಲ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಹಾ ಕಾಫಿಯಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದರೆ ಎರಡು ಗಂಟೆಗೂ ಅರ್ಧ ನಿಮ್ಮ ಮೈಯಲ್ಲಿರುತ್ತದೆ. ಸಂಜೆ ಐದರ ಚಹಾ ಕೊನೆಯದಾಗಲಿ. ಪರೀಕ್ಷೆಗೆ ಒಂದು ವಾರ ಇರುವಾಗಲೇ, ಬೆಳಗಿನ ಪೇಪರ್ ಇದ್ದರೆ ಆ ಹೊತ್ತಿಗೆ ತಲೆ ಎಚ್ಚರ ಇರುವ ಹಾಗೆ ಮಲಗುವ, ಏಳುವ ಸಮಯ ಸರಿಮಾಡಿಕೊಳ್ಳಿ.

ದಾವಣಗೆರೆಯಲ್ಲಿ ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ವಾಸನೆ ಬೀದಿಗೆ ಎಳೆಯುತ್ತದೆ. ತಿನ್ನಬೇಡಿ ಅಂತ ಹೇಳುವ ಧೈರ್ಯ ನನಗಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಮಾತ್ರ ಬೇಡ. ನಾಲ್ಕನೇ ಸೆಮ್‌ನ ಒಂದು ಪೇಪರಿನಲ್ಲಿ ನಾನು ಕಳೆದ ಇಪ್ಪತ್ತು ನಿಮಿಷಗಳ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಮನೆಯಿಂದ ಫೋನ್ ಬರುತ್ತದೆ. ‘ಊಟ ಆಯ್ತಾ? ಚೆನ್ನಾಗಿ ಓದ್ತಿದೀಯಾ?’ ಎರಡನೇ ಪ್ರಶ್ನೆಗೆ ಸಿಡುಕಿ ಉತ್ತರ ಕೊಟ್ಟು, ಆಮೇಲೆ ಒಂದು ಗಂಟೆ ಬೇಜಾರಾಗಿ ಕೂರುವುದು ಯಾರಿಗೆ ಗೊತ್ತಿಲ್ಲ? ದಿನಾ ಊಟದ ಹೊತ್ತಿಗೆ ನೀವೇ ಫೋನ್ ಮಾಡಿಬಿಡಿ. ಐದು ನಿಮಿಷದಲ್ಲಿ ಮುಗಿಯುತ್ತದೆ.

ಇದೆಲ್ಲ ಮೀರಿ ಭಯ ಹಿಡಿದಿದ್ದರೆ, ಅಂದರೆ ಎಷ್ಟೋ ದಿನದಿಂದ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ, ಓದಿನ ಉಪಾಯಗಳು ಅದಕ್ಕೆ ಮದ್ದಲ್ಲ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರೂಮ್‌ಮೇಟ್ ಹಾಗಿದ್ದಾನೆ ಅನ್ನಿಸಿದರೆ ‘ಎಲ್ಲ ಸರಿಹೋಗುತ್ತೆ ಬಿಡೋ’ ಅಂತ ಹೇಳಿ ಎದ್ದು ಹೋಗಬೇಡಿ. ಪಕ್ಕದಲ್ಲಿ ಕೂತು ಫೋನ್ ಹಚ್ಚಿಕೊಡಿ. ಅವನನ್ನು ಒಬ್ಬನೇ ಬಿಡಬೇಡಿ.

ಹಿಂದಿನ ರಾತ್ರಿ

ಹಾಲ್ ಟಿಕೆಟ್, ಐಡಿ ಕಾರ್ಡ್, ಒಂದೇ ಬಣ್ಣದ ಮೂರು ಪೆನ್ನು, ಪೆನ್ಸಿಲ್, ಸ್ಕೇಲ್, ಅನುಮತಿ ಇರುವ ಕ್ಯಾಲ್ಕುಲೇಟರ್. ಇಷ್ಟನ್ನು ರಾತ್ರಿಯೇ ಒಂದು ಪಾರದರ್ಶಕ ಚೀಲಕ್ಕೆ ಹಾಕಿ. ಹೊಸ ಪೆನ್ನು ಕೊಂಡಿದ್ದರೆ ನಾಲ್ಕು ಪುಟ ಬರೆದು ಪಳಗಿಸಿ. ಬೆಳಗಿನ ಪೇಪರೋ ಮಧ್ಯಾಹ್ನದ್ದೋ ಅಂತ ಹಾಲ್ ಟಿಕೆಟ್ ನೋಡಿ ಖಚಿತ ಮಾಡಿಕೊಳ್ಳಿ. ಹಳ್ಳಿಯಿಂದ ಬಸ್ಸಿಗೆ ಬರುವವರು ಸಮಯಕ್ಕೆ ಸರಿಯಾಗಿ ಮುಟ್ಟಿಸುವ ಬಸ್ಸಿಗಿಂತ ಒಂದು ಬಸ್ ಮೊದಲೇ ಹತ್ತಿ.

ಹೊಸ ವಿಷಯ ಶುರು ಮಾಡಬೇಡಿ. ಕೆಂಪು ಹಾಳೆಗಳು, ಸೂತ್ರಗಳ ಒಂದು ಪುಟ, ಆಮೇಲೆ ನಿದ್ದೆ.

ಆ ಮೂರು ಗಂಟೆ

180 ನಿಮಿಷ, ಐದು ಪ್ರಶ್ನೆ. ಒಂದಕ್ಕೆ 33 ನಿಮಿಷ ಕೊಟ್ಟರೆ 165 ಆಗುತ್ತದೆ. ಉಳಿದ 15ರಲ್ಲಿ ಮೊದಲ ಏಳೆಂಟು ನಿಮಿಷ ಪ್ರಶ್ನೆ ಓದಲು, ಕೊನೆಯ ಏಳೆಂಟು ನಿಮಿಷ ತಿರುವಿ ನೋಡಲು. ಓದುವಾಗಲೇ ಪ್ರತಿ ಮಾಡ್ಯೂಲಿನಲ್ಲಿ ಯಾವ ಪ್ರಶ್ನೆ ಅಂತ ಮನಸ್ಸಿನಲ್ಲಿ ನಿರ್ಧರಿಸಿ. ನಡುವೆ ಪ್ರಶ್ನೆ ಬದಲಿಸುವುದು ದುಬಾರಿ.

ಚೆನ್ನಾಗಿ ಬರುವ ಮಾಡ್ಯೂಲಿನಿಂದ ಶುರು ಮಾಡಿ. ಆದರೆ ಬರುತ್ತದೆ ಅಂತ ಅದಕ್ಕೇ ಮುಕ್ಕಾಲು ಗಂಟೆ ಸುರಿಯಬೇಡಿ. 20 ಅಂಕದ ಪ್ರಶ್ನೆಗೆ ಎಷ್ಟು ಚೆಂದ ಬರೆದರೂ 21 ಕೊಡುವುದಿಲ್ಲ. ಐದನೇ ಮಾಡ್ಯೂಲಿನಲ್ಲಿ ಏನೂ ಬರದಿದ್ದರೂ ವ್ಯಾಖ್ಯೆ, ಚಿತ್ರ, ಸೂತ್ರ, ಲೆಕ್ಕದ ಮೊದಲ ಎರಡು ಹೆಜ್ಜೆ ಬರೆಯಿರಿ. ಗಣಿತದಲ್ಲಿ ಹೆಜ್ಜೆಗೂ ಅಂಕ ಇದೆ. ಆ ನಾಲ್ಕೈದು ಅಂಕವೇ 33ನ್ನು 37 ಮಾಡುತ್ತದೆ.

ಏಳು ಅಂಕದ ಪ್ರಶ್ನೆ ಅಂದರೆ ಒಂದು ವ್ಯಾಖ್ಯೆ, ಒಂದು ಚಿತ್ರ, ಮೂರ್ನಾಲ್ಕು ಅಂಶಗಳ ವಿವರಣೆ, ಒಂದು ಉದಾಹರಣೆ. ಅಂಕ ನೋಡಿ ಅಳತೆ ಹಾಕಿ. ಉತ್ತರ ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದುತ್ತಾರೆ. ಹಾಗಾಗಿ ತೆಳುವಾಗಿ ಎಳೆದ ಪೆನ್ಸಿಲ್ ಗೆರೆ ಮಾಸಿ ಕಾಣಬಹುದು. ಚಿತ್ರವನ್ನು ಸ್ವಲ್ಪ ಒತ್ತಿ ಬರೆಯಿರಿ. ಪ್ರಶ್ನೆ ಸಂಖ್ಯೆಯನ್ನು ದೊಡ್ಡದಾಗಿ ಹಾಕಿ. ತಿದ್ದುವವರು ನಿಮ್ಮ ‘3ಬಿ’ ಎಲ್ಲಿದೆ ಅಂತ ಹುಡುಕುವ ಹಾಗಾಗಬಾರದು.

ಪ್ರಶ್ನೆಪತ್ರಿಕೆಯಲ್ಲೇ ಚಿಕ್ಕ ಅಕ್ಷರದಲ್ಲಿ ಎರಡು ಸೂಚನೆ ಇರುತ್ತವೆ. ಯಾರೂ ಓದುವುದಿಲ್ಲ. ಒಂದು, ಉತ್ತರ ಮುಗಿದ ಮೇಲೆ ಉಳಿದ ಖಾಲಿ ಪುಟಗಳಿಗೆ ಅಡ್ಡಗೆರೆ ಎಳೆಯುವುದು ಕಡ್ಡಾಯ. ಇನ್ನೊಂದು, ಗುರುತು ತೋರಿಸಿದರೆ, ಮೌಲ್ಯಮಾಪಕರಿಗೆ ಮನವಿ ಬರೆದರೆ, ‘42+8=50’ ಅನ್ನುವಂಥ ಸಮೀಕರಣ ಬರೆದರೆ ಅದು ಅಕ್ರಮ. ‘ಸರ್ ದಯವಿಟ್ಟು ಪಾಸ್ ಮಾಡಿ, ಮನೆ ಕಷ್ಟ ಇದೆ’ ಅಂತ ಕೊನೆಯ ಪುಟದಲ್ಲಿ ಬರೆಯುವುದು, ಮೇಲೆ ದೇವರ ಹೆಸರು ಬರೆಯುವುದು ಎಲ್ಲ ಬೇಡ. ದೇವರಿಗೆ ಹೊರಗೇ ಕೈಮುಗಿದು ಒಳಗೆ ಹೋಗಿ.

ತಲೆ ಖಾಲಿ ಆಯಿತು ಅನ್ನಿಸಿದರೆ ಪೆನ್ನು ಕೆಳಗಿಡಿ. ನೀರು ಕುಡಿಯಿರಿ. ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ನಾಲ್ಕೈದು ಸಲ. ಆಮೇಲೆ ಆ ಪ್ರಶ್ನೆಗೆ ಎರಡು ಪುಟ ಜಾಗ ಬಿಟ್ಟು ಮುಂದಿನದಕ್ಕೆ ಹೋಗಿ. ಇನ್ನೇನೋ ಬರೆಯುತ್ತಿರುವಾಗ ಮರೆತದ್ದು ತಾನಾಗಿ ಬರುವುದುಂಟು. ಬಂದ ತಕ್ಷಣ ಪುಟ ತಿರುಗಿಸಿ ಒಂದು ಪದ ಗುರುತು ಹಾಕಿಕೊಳ್ಳಿ.

ಹೊರಗೆ ಬಂದ ಮೇಲೆ

ಗೇಟಿನ ಹತ್ತಿರ ‘2ಬಿಗೆ ಆನ್ಸರ್ ಎಷ್ಟು ಬಂತು ಮಚ್ಚಾ?’ ಅನ್ನುವ ಗುಂಪು ನಿಂತಿರುತ್ತದೆ. ಆ ಕಡೆ ಹೋಗಬೇಡಿ, ನೇರ ಊಟಕ್ಕೆ ಹೋಗಿ. ಒಂದು ಗಂಟೆ ಮಲಗಿ. ಸಂಜೆ ಮುಂದಿನ ಪೇಪರಿನ ಕೆಂಪು ಹಾಳೆ.

ರಿಸಲ್ಟ್ ಬಂದು ನಾಲ್ಕೈದು ಅಂಕದಲ್ಲಿ ಹೋಗಿದೆ ಅಂದರೆ, ಮೊದಲು ಉತ್ತರ ಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕಿ. ಅದಕ್ಕೆ ಕೊಡುವ ಗಡುವು ಚಿಕ್ಕದು, ಕಾಲೇಜಿನ ನೋಟಿಸ್ ಬೋರ್ಡ್ ದಿನಾ ನೋಡಿ. ಪ್ರತಿ ಬಂದಾಗ ಎಲ್ಲ ಪುಟಕ್ಕೂ ಅಂಕ ಬಿದ್ದಿದೆಯೇ, ಕೂಡಿದ್ದು ಸರಿ ಇದೆಯೇ ನೋಡಿ. ಆ ಸಬ್ಜೆಕ್ಟ್ ಪಾಠ ಮಾಡುವ ಮೇಷ್ಟ್ರಿಗೋ ಮೇಡಂಗೋ ತೋರಿಸಿ. ಅವರು ‘ಬರುತ್ತೆ, ಹಾಕು’ ಅಂದರೆ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ. ಸಿಟ್ಟಿನಲ್ಲಿ ಕಟ್ಟಬೇಡಿ. ನಾನು ಕಟ್ಟಿದ್ದೆ. 28 ಇದ್ದದ್ದು 28 ಆಗಿಯೇ ಉಳಿಯಿತು.

ಬ್ಯಾಕ್ ಉಳಿದರೆ ಆ ಸಬ್ಜೆಕ್ಟನ್ನು ಮುಂದಿನ ಸೆಮ್‌ನ ಕೊನೆಗೆ ತಳ್ಳಬೇಡಿ. ವಾರಕ್ಕೆ ಎರಡು ಸಂಜೆ ಅದಕ್ಕೆ ಮೀಸಲಿಡಿ. ಎಂ3ಗೆ ಮಂಗಳವಾರ, ಶುಕ್ರವಾರ ಅಂತ ಇಟ್ಟುಕೊಂಡಿದ್ದೆ. ಪ್ರತಿ ಸಂಜೆ ನಾಲ್ಕು ಲೆಕ್ಕ, ಪುಸ್ತಕ ಮುಚ್ಚಿ. ಎರಡನೇ ಸಲ ಬರೆಯುವ ಹೊತ್ತಿಗೆ ಹಾಳೆಗಳು ಒಂದು ಗೋಣಿಚೀಲದಷ್ಟಾಗಿದ್ದವು. ಪಾಸಾದ ಮೇಲೆ ಅದನ್ನು ಊರಿಗೆ ತಂದು ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದೆ. ಈ ಸಲ ತಮ್ಮನಿಗೆ ತೋರಿಸೋಣ ಅಂತ ಹುಡುಕಿದರೆ ಇರಲಿಲ್ಲ. ಅಮ್ಮ ಎರಡು ಮಳೆಗಾಲದಿಂದ ಅದರಲ್ಲೇ ಬಚ್ಚಲ ಒಲೆ ಹಚ್ಚುತ್ತಿದ್ದಾರಂತೆ.